ಬೆಳೆಯುವ ಅಳತೆಯ ಸೂಟು

ನಮ್ಮ ಮನೆಯ ಗ್ಯಾಲರಿಯ ಹಗ್ಗದ ಮೇಲೆ ಮೂರು ದಿನಗಳಿಂದ ಒಂದು ಕಪ್ಪು ಆಕೃತಿ ತೂಗುತ್ತಿದೆ. ಅದಕ್ಕೆ ಎರಡು ಕೈ, ಎರಡು ಕಾಲು ಇವೆ. ತಲೆ ಮಾತ್ರ ಬೇರೆಯಾಗಿ, ಪಕ್ಕದಲ್ಲಿ ಕ್ಲಿಪ್ಪಿಗೆ ಸಿಕ್ಕಿಕೊಂಡಿದೆ. ಮೊದಲ ದಿನ ಬೆಳಿಗ್ಗೆ ಹಾಲಿನವನು ಕತ್ತೆತ್ತಿ ನೋಡಿ ಕೈಯಲ್ಲಿದ್ದ ಅಳತೆಯ ಪಾತ್ರೆಯನ್ನೇ ಬಿಟ್ಟುಬಿಟ್ಟ. ಎದುರು ಮನೆಯ ನಿವೃತ್ತ ಪೋಸ್ಟ್ ಮಾಸ್ತರರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿ, "ಬಾಳಾಸಾಹೇಬ್ರ, ರೇನಕೋಟ್ ಏನ್ರಿ ಅದು? ಮಳಿಗಾಲ ಮುಗದು ಮೂರು ತಿಂಗಳಾತಲ್ರಿ" ಎಂದು ಕೇಳಿದರು. ಅದು ರೇನ್‌ಕೋಟಲ್ಲ, ತಣ್ಣೀರಿನ ಸಮುದ್ರದಲ್ಲಿ ಮುಳುಗುವಾಗ ಹಾಕಿಕೊಳ್ಳುವ ಉಡುಪು ಎಂದು ಹೇಳಿದೆ. ಅವರು ತಲೆಯಾಡಿಸಿ, "ಯಾರದ್ರಿ? ನಿಮ್ಮದಾ?" ಎಂದರು. ಕೊಂಡವನು ನಾನೇ. ಆದರೆ ಯಾರದು ಎಂದು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಿಮಗೆ ಪುರುಸೊತ್ತಿದ್ದರೆ ಕುಳಿತುಕೊಳ್ಳಿ, ಚಹಾ ಇಡಿಸುತ್ತೇನೆ.

ನಮ್ಮದು ಸೋಲಾಪುರದಲ್ಲಿ ಮೂರು ತಲೆಮಾರಿನ ಚಾದರ ಮತ್ತು ಟಾವೆಲ್ಲಿನ ಅಂಗಡಿ. ಅಂದರೆ ಜನರನ್ನು ಬೆಚ್ಚಗೆ ಇಡುವುದು, ಒದ್ದೆಯಾದವರನ್ನು ಒಣಗಿಸುವುದು, ಇವೆರಡೇ ನಮ್ಮ ವಂಶದ ಕಸುಬು. ಅಂಥ ಮನೆಯಲ್ಲಿ ಹುಟ್ಟಿದ ನಾನು ಐವತ್ತೆಂಟನೆಯ ವಯಸ್ಸಿನಲ್ಲಿ ಬೇಕೆಂದೇ ಒದ್ದೆಯಾಗಲು, ಬೇಕೆಂದೇ ನಡುಗಲು ದೂರದ ದೇಶಕ್ಕೆ ಹೊರಟಿದ್ದೇನೆ ಎಂದರೆ ಅಂಗಡಿಯ ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತಿರುವ ಅಜ್ಜ ಏನೆಂದುಕೊಳ್ಳುತ್ತಾನೋ ಗೊತ್ತಿಲ್ಲ. ನನ್ನ ಹೆಂಡತಿ ಸುಜಾತಾ ಏನೆಂದುಕೊಳ್ಳುತ್ತಾಳೆ ಎಂಬುದು ಮಾತ್ರ ಓಣಿಗೆಲ್ಲ ಗೊತ್ತು. "ನಲವತ್ನಾಕು ಡಿಗ್ರಿ ಬಿಸಲಾಗ ಹುಟ್ಟಿ ಬೆಳದವ್ರು, ಥಂಡಿ ಹುಡುಕ್ಕೊಂಡು ಆಫ್ರಿಕಾಕ್ಕ ಹೊಂಟಾರ ನೋಡ್ರಿ" ಎಂದು ಅವಳು ಬಂದವರಿಗೆಲ್ಲ ಹೇಳುತ್ತಾಳೆ. ಆಫ್ರಿಕಾದ ತುದಿಯ ಕೇಪ್ ಟೌನಿನಲ್ಲಿ ಸಮುದ್ರದ ನೀರು ಹನ್ನೆರಡು ಡಿಗ್ರಿಗೆ ಇಳಿಯುತ್ತದೆ, ಆ ನೀರಿನೊಳಗೆ ತೆಂಗಿನಮರದಷ್ಟು ಎತ್ತರದ ಪಾಚಿಯ ಕಾಡು ಇದೆ, ಅದರ ನಡುವೆ ಈಜಬಹುದು ಎಂದು ನಾನು ಎಷ್ಟು ಸಲ ಹೇಳಿದರೂ ಅವಳು ನಂಬಿಲ್ಲ. ಸೋಲಾಪುರದ ಸುತ್ತ ಜಾಲಿಗಿಡ ಬಿಟ್ಟರೆ ಬೇರೆ ಕಾಡು ನೋಡದ ನಮಗೆ ಸಮುದ್ರದೊಳಗೆ ಕಾಡು ಎಂದರೆ ನಂಬುವುದು ಕಷ್ಟವೇ.

ಈ ಹುಚ್ಚು ಹತ್ತಿದ್ದು ಎರಡು ವರ್ಷದ ಹಿಂದೆ, ಕೊಂಕಣದ ತಾರ್ಕರ್ಲಿಯಲ್ಲಿ. ಅಂಗಡಿಯನ್ನು ಮಗನ ಕೈಗೆ ಕೊಟ್ಟು ಮನೆಮಂದಿಯೆಲ್ಲ ಸಮುದ್ರ ನೋಡಲು ಹೋಗಿದ್ದೆವು. ಅಕ್ಕಲಕೋಟೆಯಿಂದ ನೀಲಕ್ಕನೂ ಬಂದಿದ್ದಳು. ನೀಲಕ್ಕ ನನ್ನ ಒಡಹುಟ್ಟಿದವಳು, ನನಗಿಂತ ನಾಲ್ಕು ವರ್ಷ ದೊಡ್ಡವಳು. ತಡವಳದ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಮಕ್ಕಳಿಗೆ ಕಲಿಸಿ ನಿವೃತ್ತಳಾದವಳು. ಬೆನ್ನಿಗೆ ಸಿಲಿಂಡರು ಕಟ್ಟಿ ನೀರೊಳಗೆ ಇಳಿಸುತ್ತೇವೆ ಎಂದು ದೋಣಿಯವರು ಕರೆದಾಗ ನಮ್ಮಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಅಕ್ಕ ಸೀರೆ ಬದಲಿಸಿ, ನನ್ನ ಸೊಸೆಯ ಸಲ್ವಾರ್ ಕಮೀಜು ಹಾಕಿಕೊಂಡು, ಯಾರನ್ನೂ ಕೇಳದೆ ಹೋಗಿ ದೋಣಿಯಲ್ಲಿ ಕುಳಿತಳು. ಅವಳೊಬ್ಬಳನ್ನೇ ಬಿಡಬಾರದೆಂದು ನಾನೂ ಹೋದೆ. ಹಾಗೆಂದು ಹೇಳಿಕೊಳ್ಳುತ್ತೇನೆ. ನಿಜವೆಂದರೆ, ಅಕ್ಕ ನೀರಿಗಿಳಿದರೆ ಹಿಂದೆ ಇಳಿಯುವುದು ನನಗೆ ಎಂಟು ವರ್ಷದವನಿದ್ದಾಗಿನಿಂದ ಅಭ್ಯಾಸ.

ನೀರಿನಿಂದ ಮೇಲೆ ಬಂದ ಮೇಲೆ ಅಕ್ಕ ಕೊಲ್ಹಾಪುರ ಬರುವವರೆಗೂ ಮಾತಾಡಲಿಲ್ಲ. ಕೊಲ್ಹಾಪುರದಲ್ಲಿ ಚಹಾಕ್ಕೆ ಇಳಿದಾಗ, "ಬಾಳ್ಯಾ, ತಳ ಕಾಣ್ತಿತ್ತಲ್ಲೋ" ಎಂದಳು. ಅಷ್ಟೇ. ಆದರೆ ಅವಳ ಮುಖದಲ್ಲಿ ನಾನು ಐವತ್ತು ವರ್ಷದಿಂದ ನೋಡದಿದ್ದ ಒಂದು ಕಳೆ ಇತ್ತು. ಮರುವರ್ಷ ಇಬ್ಬರೂ ಅಲ್ಲಿಗೇ ಹೋಗಿ ಡೈವಿಂಗ್ ಕೋರ್ಸು ಮುಗಿಸಿದೆವು. ಅಲ್ಲಿನ ನೀರು ಬೆಚ್ಚಗೆ, ಸೂಟಿನ ಗೊಡವೆ ಇರಲಿಲ್ಲ; ಅಕ್ಕ ಸಲ್ವಾರ್ ಕಮೀಜಿನಲ್ಲೇ ಇಳಿದಳು. ಡಾಕ್ಟರು ಅಕ್ಕನ ಕಾಗದದ ಮೇಲೆ ಎರಡು ನಿಮಿಷದಲ್ಲಿ ಸಹಿ ಹಾಕಿದರು. ನನಗೆ ಮಾತ್ರ ಇಸಿಜಿ, ರಕ್ತ, ಎದೆಯ ಫೋಟೋ ಎಲ್ಲ ಬರೆದುಕೊಟ್ಟು, ಅವೆಲ್ಲ ನೋಡಿದ ಮೇಲೆಯೂ ಸ್ವಲ್ಪ ಯೋಚನೆ ಮಾಡಿ ಸಹಿ ಹಾಕಿದರು.

ಆ ಮೇಲೆಯೇ ಕೇಪ್ ಟೌನಿನ ಮಾತು ಬಂದದ್ದು. ಹೋದರೆ ಇಬ್ಬರೂ ಕೂಡಿ ಹೋಗಬೇಕೆಂದು ನನ್ನ ಆಸೆ. ಈ ಡೈವಿಂಗಿನಲ್ಲಿ ಒಬ್ಬರೇ ಇಳಿಯುವ ಹಾಗಿಲ್ಲ, ಪ್ರತಿಯೊಬ್ಬರಿಗೂ ಒಬ್ಬ ಜೋಡಿ ಬೇಕು. ಇಳಿಯುವ ಮೊದಲು ನಿಮ್ಮ ಜೋಡಿ ನಿಮ್ಮ ಪಟ್ಟಿ, ಬಕಲು, ಗಾಳಿ ಎಲ್ಲ ಜಗ್ಗಿ ನೋಡಬೇಕು; ನೀವು ಅವರದನ್ನು ನೋಡಬೇಕು. ಗುರುತಿಲ್ಲದ ಯಾರೋ ಒಬ್ಬರು ನನ್ನ ಹೊಟ್ಟೆಯ ಪಟ್ಟಿ ಜಗ್ಗುವುದು ನನಗೆ ಸರಿಬರುವುದಿಲ್ಲ. ಅದಕ್ಕೇ ಅಕ್ಕಲಕೋಟೆಗೆ ಹೋಗಿ, ಅಕ್ಕ ಬಡಿಸಿದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ವಿಷಯ ತೆಗೆದೆ.

ಅಕ್ಕ ಮೊದಲು ಕಣ್ಣರಳಿಸಿ ಕೇಳಿದಳು. ಪಾಚಿಯ ಕಾಡಿನ ಫೋಟೋಗಳನ್ನು ನನ್ನ ಮೊಬೈಲಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದಳು. ಆಮೇಲೆ ಆ ನೀರಿಗೆ ಇಳಿದವರ ಫೋಟೋ ಬಂತು. ಎಲ್ಲರೂ ಮೈಗೆ ಚರ್ಮದ ಹಾಗೆ ಅಂಟಿದ ಕಪ್ಪು ಸೂಟಿನಲ್ಲಿದ್ದರು. ಅಕ್ಕ ಮೊಬೈಲನ್ನು ನನ್ನ ಕೈಗೆ ಕೊಟ್ಟಳು.

"ಇದರ ಮ್ಯಾಲ ಸಲ್ವಾರ್ ಹಾಕ್ಕೋಬಹುದೇನು?" ಎಂದು ಕೇಳಿದಳು.

"ಇಲ್ಲಕ್ಕಾ. ಬಟ್ಟಿ ಪಾಚ್ಯಾಗ ತೊಡಕತದ."

"ಹಂಗಾದ್ರ ನೀ ಹೋಗಿ ಬಾ. ನನಗ ಥಂಡಿ ಆಗಿಬರೂದಿಲ್ಲ."

"ಥಂಡಿ ಅಲ್ಲ ಅದು."

"ಮತ್ತೇನು? ತಡವಳದಿಂದ ಅಕ್ಕಲಕೋಟ ತನಕ ಬಸ್ಸಿನ್ಯಾಗ ಅರ್ಧ ಮಂದಿ ನನಗ ಬಾಯಿ ಬಾಯಿ ಅಂತ ಎದ್ದು ಜಾಗಾ ಕೊಡ್ತಾರ. ನಿನ್ನ ಮಗ ಮೊಬೈಲ್‌ನ್ಯಾಗ ಎಲ್ಲಾ ಫೋಟೋ ಹಾಕ್ತಾನ. ಅರವತ್ತೆರಡನೇ ವಯಸ್ಸಿನ್ಯಾಗ ಇಂಥಾದ್ದು ಹಾಕ್ಕೊಂಡು ನಿಂತ್ರ ಆ ಮಂದಿಗೆ ನಾ ಏನ್ ಮಾರಿ ತೋರಸ್ಲಿ?" ಎಂದಳು. ನಮ್ಮಲ್ಲಿ ಶಿಕ್ಷಕಿಯನ್ನು ಬಾಯಿ ಎಂದೇ ಕರೆಯುತ್ತಾರೆ, ಮರಾಠಿಯವರಿಂದ ಬಂದ ರೂಢಿ. ಮತ್ತೊಂದು ರೊಟ್ಟಿಯನ್ನು ನನ್ನ ತಾಟಿಗೆ ಹಾಕಿ ಅಕ್ಕ ಆ ಮಾತನ್ನು ಅಲ್ಲಿಗೆ ಮುಗಿಸಿದಳು. ನಾನು ಆ ರೊಟ್ಟಿಯನ್ನು ಮುರಿಯದೆ ತಾಟಿನಲ್ಲೇ ಬಿಟ್ಟು ಎದ್ದೆ. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಈಗ ಸೂಟಿನ ಕಥೆ.

ಜೋಡಿ ಸಿಗಲಿ ಬಿಡಲಿ, ಸಾಮಾನಂತೂ ಬೇಕಲ್ಲ ಎಂದು ಖರೀದಿಗೆ ಕುಳಿತೆ. ಅಂಗಡಿಯವನು ಗಿರಾಕಿಯಾದರೆ ಅವನಷ್ಟು ಕೆಟ್ಟ ಗಿರಾಕಿ ಬೇರೆ ಇಲ್ಲ. ನಮಗೆ ಕಲಿಸಿದ ಗುರು ಮಾಲವಣದ ಇಪ್ಪತ್ತೆಂಟರ ತರುಣ, ನನ್ನನ್ನು ಕಾಕಾ ಎನ್ನುತ್ತಾನೆ. ಅವನಿಗೆ ದಿನಕ್ಕೆ ಮೂರು ಸಲ ಫೋನು ಮಾಡಿ ಪ್ರಾಣ ತಿಂದೆ. ಮುಖಕ್ಕೆ ಮಾಸ್ಕು ಯಾವುದು, ಕಾಲಿಗೆ ಬೂಟು ಯಾವುದು, ತಣ್ಣೀರಿನಲ್ಲಿ ಉಸಿರಾಟದ ಯಂತ್ರ ಹಿಮಗಟ್ಟದೆ ಇರಲು ಯಾವ ಜಾತಿಯದು ಬೇಕು, ಕೈಗವಸು ಎಷ್ಟು ದಪ್ಪ ಇರಬೇಕು ಎಂದೆಲ್ಲ ಕೇಳಿದೆ. ತಲೆಗೆ ಹಾಕುವ ಕವಚವನ್ನು ನೋಡಿ ಸುಜಾತಾ, "ಅಯ್ಯ, ಇದು ಕೂಸಿನ ಕುಂಚಿಗಿನಲ್ರಿ" ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದರ ಹೆಸರು ಕುಂಚಿಗಿಯೇ.

ಮುಖ್ಯ ಪ್ರಶ್ನೆ ಮೈಗೆ ಹಾಕುವ ಸೂಟಿನದು. ಅದರಲ್ಲಿ ಎರಡು ಬಗೆ. ಒಂದರೊಳಗೆ ಒಂದು ಹನಿ ನೀರೂ ಬರುವುದಿಲ್ಲ. ಆದರೆ ಅದನ್ನು ಬಳಸಲು ಬೇರೆಯೇ ತರಬೇತಿ ಬೇಕು. ಇನ್ನೊಂದು ಏಳು ಮಿಲಿಮೀಟರ್ ದಪ್ಪ ರಬ್ಬರಿನ ಒದ್ದೆ ಸೂಟು, ನಮಗೆ ಅದು ಸಾಕು ಎಂದ ಗುರು. ಒದ್ದೆ ಸೂಟು ಎಂದರೇನು ಎಂದು ಕೇಳಿದೆ.

"ಕಾಕಾ, ಪಾಣೀ ಆತ ಯೇಣಾರಚ" ಎಂದ. ನೀರು ಒಳಗೆ ಬಂದೇ ಬರುತ್ತದೆ ಎಂದರ್ಥ.

ನನಗೆ ಸಿಟ್ಟೇ ಬಂತು. ನೀರು ಒಳಗೆ ಬರುವ ಬಟ್ಟೆಯನ್ನು ಚಳಿಗೆಂದು ಮಾರುವವರು ನಮ್ಮ ಪೇಟೆಯಲ್ಲಿದ್ದಿದ್ದರೆ ಗಿರಾಕಿಗಳು ಅಂಗಡಿಯ ಬಾಗಿಲು ಮುರಿಯುತ್ತಿದ್ದರು. ಅವನು ತಾಳ್ಮೆಯಿಂದ ತಿಳಿಸಿದ. ಸೂಟು ಮೈಗೆ ಬಿಗಿಯಾಗಿ ಕೂತಿದ್ದರೆ ಒಳಗೆ ಬರುವುದು ತೆಳ್ಳಗಿನ ಒಂದು ಪದರ ನೀರು ಮಾತ್ರ. ಅದನ್ನು ನಮ್ಮ ಮೈಯೇ ಬೆಚ್ಚಗೆ ಮಾಡುತ್ತದೆ. ಆ ನೀರು ಹೊರಗೆ ಹೋಗದಂತೆ, ಹೊಸ ನೀರು ಒಳಗೆ ಬರದಂತೆ ತಡೆಯುವುದಷ್ಟೇ ಸೂಟಿನ ಕೆಲಸ. ಬೆಚ್ಚಗಿಡುವುದು ಸೂಟಲ್ಲ, ನಾವೇ. ಈ ಮಾತು ನನಗೆ ಬಹಳ ಹಿಡಿಸಿತು. ನಮ್ಮ ಚಾದರದ ಕಥೆಯೂ ಅಷ್ಟೇ ಅಲ್ಲವೇ? ಆದರೆ ಈ ಗುಟ್ಟನ್ನು ನಾವು ಗಿರಾಕಿಗೆ ಹೇಳುವುದಿಲ್ಲ.

ಕೊನೆಗೆ ಅವನು ಎರಡು ಸಲ, ಒತ್ತಿ ಹೇಳಿದ: "ಪಣ ಕಾಕಾ, ಢಿಲಾ ಚಾಲತ ನಾಹೀ." ಸಡಿಲ ಇದ್ದರೆ ನಡೆಯುವುದಿಲ್ಲ. ನಾನು ಹೂಂ ಎಂದೆ. ಹೂಂ ಎಂದವನು ಅಳತೆಯ ಪಟ್ಟಿಯಲ್ಲಿ ನನ್ನ ಎದೆ, ಸೊಂಟ, ಎತ್ತರ ಎಲ್ಲ ನೋಡಿ, ನನಗೆ ಸರಿಯಾದ ಅಳತೆ ಯಾವುದೆಂದು ಕಂಡುಹಿಡಿದು, ಅದಕ್ಕಿಂತ ಎರಡು ಅಳತೆ ದೊಡ್ಡದನ್ನು ತರಿಸಿದೆ.

ನಗಬೇಡಿ. ಇದು ನನ್ನೊಬ್ಬನ ತಪ್ಪಲ್ಲ, ನಮ್ಮ ಮನೆತನದ ಸಂಸ್ಕಾರ. ನಮ್ಮ ಅಪ್ಪ ಜೀವಮಾನದಲ್ಲಿ ಯಾರಿಗೂ ಮೈಗೆ ಸರಿಯಾದ ಬಟ್ಟೆ ಹೊಲಿಸಲಿಲ್ಲ. ದರ್ಜಿಯ ಮುಂದೆ ನಮ್ಮನ್ನು ನಿಲ್ಲಿಸಿ, "ಬೆಳಿಯೂ ಅಳತಿ ಹಿಡೀರಿ" ಎನ್ನುತ್ತಿದ್ದ. ಚಡ್ಡಿಯ ಅಂಚಿಗೆ ಒಳಗಡೆ ನಾಲ್ಕು ಬೆರಳು ಮಡಿಕೆ, ತೋಳಿಗೆ ಮೂರು ಬೆರಳು. ವರ್ಷಕ್ಕೊಂದು ಮಡಿಕೆ ಬಿಚ್ಚುವುದು. ನನ್ನ ದುರ್ದೈವಕ್ಕೆ ನಾನು ಬೆಳೆಯುವ ವೇಗ ಮಡಿಕೆಗಳ ವೇಗಕ್ಕಿಂತ ಬಹಳ ಕಡಿಮೆ. ಶಾಲೆಯ ಐದನೆಯ ಇಯತ್ತೆಗೆ ಹೊಲಿಸಿದ ಅಂಗಿ ನನಗೆ ಸರಿಹೋಗುವ ಹೊತ್ತಿಗೆ ಅದು ಹರಿದಿತ್ತು. ಮದುವೆಯ ಕೋಟಿನಲ್ಲಿ ನನ್ನ ಬೆರಳು ಕಾಣುತ್ತಿರಲಿಲ್ಲ. ಸುಜಾತಾ ನನ್ನ ಕೈ ಹಿಡಿಯಲು ತೋಳಿನೊಳಗೆ ಹುಡುಕಬೇಕಾಯಿತು. ಇಂಥ ಮನೆಯವನು ಮೈಗೆ ಬಿಗಿಯಾದ ಬಟ್ಟೆಯನ್ನು ಬೇಕೆಂದೇ ಹೇಗೆ ಕೊಳ್ಳುತ್ತಾನೆ? ದೀಪಾವಳಿಯ ಉಂಡೆ ಚಕ್ಕುಲಿ ತಿಂದ ಮೇಲೆ ಮೈ ಬರುತ್ತದೆ ಎಂದು ಒಂದು ಅಳತೆ, ಮೊದಲ ಸಲ ನೀರಿಗೆ ಹಾಕಿದಾಗ ಕುಗ್ಗುತ್ತದೆ ಎಂದು ಇನ್ನೊಂದು ಅಳತೆ. ರಬ್ಬರು ಕುಗ್ಗುವುದಿಲ್ಲ ಎಂಬುದು ಹತ್ತಿಯವನಿಗೆ ಹೊಳೆಯಬೇಕಲ್ಲ!

ಸೂಟು ಬಂದ ದಿನ ಹೆಬ್ಬೆರಳು ತೋರುಬೆರಳ ನಡುವೆ ಅದನ್ನು ಉಜ್ಜಿ ನೋಡಿ, "ಮಾಲು ಚಲೋ ಐತಿ" ಎಂದೆ. ಅದಕ್ಕೆ ಕಟ್ಟಿದ್ದ ಬೆಲೆಯ ಚೀಟಿಯನ್ನು ಕತ್ತರಿಸಿ ಎಸೆದೆ. ಸೋಲಾಪುರದಲ್ಲಿ ಹನ್ನೆರಡು ಡಿಗ್ರಿಯ ನೀರು ಎಲ್ಲಿಂದ ತರುವುದು? ಕಬ್ಬಿನ ಹಾಲಿನವರಿಗೆ ಬರ್ಫ ಕೊಡುವ ಕಾರ್ಖಾನೆಯಿಂದ ಎರಡು ಮಂಜುಗಡ್ಡೆ ತರಿಸಿ, ಮಾಳಿಗೆಯ ಮೇಲಿನ ನೀಲಿ ಪ್ಲಾಸ್ಟಿಕ್ ಡ್ರಮ್ಮಿಗೆ ಒಡೆದು ಹಾಕಿದೆ. ಸುಜಾತಾ ಹಾಲು ಹೆಪ್ಪು ಹಾಕುವಾಗ ನೋಡುವ ಥರ್ಮಾಮೀಟರನ್ನು ನೀರಿಗೆ ಇಳಿಬಿಟ್ಟು ಡಿಗ್ರಿ ಓದಿದಳು. ನಾನು ಸೂಟು, ಕೈಗವಸು, ಕುಂಚಿಗಿ ಎಲ್ಲ ಧರಿಸಿ ಡ್ರಮ್ಮಿನೊಳಗೆ ಕುಳಿತೆ. ಕುಳಿತವನ ಕುತ್ತಿಗೆಯಿಂದ ಬರ್ಫದ ನೀರು ಬೆನ್ನಿನ ಮೇಲೆ, ಬೆನ್ನಿನಿಂದ ಕೆಳಗೆ, ಕೆಳಗಿನಿಂದ ಕಾಲಿನ ತನಕ ತಡೆಯಿಲ್ಲದೆ ಹರಿದುಹೋಯಿತು. ನಾನು ಕೂಗಿದ್ದು ಪೋಸ್ಟ್ ಮಾಸ್ತರರಿಗೂ ಕೇಳಿಸಿತಂತೆ. ಮೊಬೈಲಿನ ವಿಡಿಯೋ ಕರೆಯಲ್ಲಿ ನೋಡುತ್ತಿದ್ದ ಗುರು ನಗು ತಡೆದುಕೊಂಡು, "ಕಾಕಾ, ಯಾವ ಅಳತೆ ತಗೊಂಡ್ರಿ?" ಎಂದು ಮರಾಠಿಯಲ್ಲಿ ಕೇಳಿದ. ಫೋನು ಬಂದ್ ಮಾಡು ಎಂದು ಸುಜಾತಾಳಿಗೆ ಸನ್ನೆ ಮಾಡಿದೆ. ಚೀಟಿ ಕತ್ತರಿಸಿದ, ನೀರಲ್ಲಿ ಅದ್ದಿದ ಮಾಲನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ನಮ್ಮ ಅಂಗಡಿಯಲ್ಲೇ ಬೋರ್ಡಿದೆ.

ಆದರೂ ಆಸೆ. ಡ್ರಮ್ಮಿನಲ್ಲಿ ಕುಳಿತದ್ದಕ್ಕೆ ಹಾಗಾಯಿತು, ಈಜುವಾಗ ಸರಿಹೋದೀತು ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಈಜಿ ನೋಡಲು ನನಗೆ ನೆನಪಾದದ್ದು ಒಂದೇ ಜಾಗ, ಅಕ್ಕಲಕೋಟೆಯ ಹೊರಗೆ ನಮ್ಮ ಸೋದರಮಾವನ ಹೊಲದ ಬಾವಿ.

ಆ ಬಾವಿಯ ಬಗ್ಗೆ ಹೇಳದೆ ಮುಂದೆ ಹೋಗಲು ಆಗುವುದಿಲ್ಲ. ನಾವು ಬೇಸಗೆಯ ರಜೆಗೆ ಅವ್ವನ ತವರಿಗೆ, ಅಂದರೆ ಅಕ್ಕಲಕೋಟೆಗೆ ಹೋಗುತ್ತಿದ್ದೆವು. ಅಜ್ಜಿಯನ್ನು ಆಯಿ ಎನ್ನುತ್ತಿದ್ದೆವು. ಕಲ್ಲಿನ ಮೆಟ್ಟಿಲಿದ್ದ ಆ ಬಾವಿಯಲ್ಲಿ ಓಣಿಯ ಮಕ್ಕಳೆಲ್ಲ ಈಜು ಕಲಿತದ್ದು. ಕಲಿಯುವವರ ಬೆನ್ನಿಗೆ ಬಾಯಿ ಬೆಸುಗೆ ಹಾಕಿದ ಖಾಲಿ ಎಣ್ಣೆ ಡಬ್ಬಿ ಕಟ್ಟುತ್ತಿದ್ದರು. ಮುಳುಗದಂತೆ ಅದು ಎತ್ತಿ ಹಿಡಿಯುತ್ತಿತ್ತು. ನನ್ನ ಡಬ್ಬಿ ಕಟ್ಟುತ್ತಿದ್ದವಳು ನೀಲಕ್ಕ. ಹಗ್ಗವನ್ನು ಎದೆಯ ಮೇಲಿಂದ ತಂದು, ಗಂಟು ಹಾಕಿ, ಎರಡು ಸಲ ಜಗ್ಗಿ ನೋಡಿ, "ಹೂಂ, ಹೋಗು" ಎನ್ನುತ್ತಿದ್ದಳು. ಆ ಎರಡು ಜಗ್ಗು ಬೀಳುವವರೆಗೆ ನಾನು ನೀರು ಮುಟ್ಟುತ್ತಿರಲಿಲ್ಲ. ಅಕ್ಕನಿಗೆ ಮಾತ್ರ ಡಬ್ಬಿ ಎಂದೂ ಬೇಕಾಗಲಿಲ್ಲ. ಹನ್ನೆರಡು ವರ್ಷದ ಹುಡುಗಿ, ಪರಕಾರ ಎನ್ನುವ ಉದ್ದ ಲಂಗದಲ್ಲೇ ಬಾವಿಯ ದಂಡೆಯ ಮೇಲಿನ ಕಲ್ಲಿನಿಂದ ತಲೆಕೆಳಗಾಗಿ ಜಿಗಿಯುತ್ತಿದ್ದಳು. ನಾವೆಲ್ಲ ಉಸಿರು ಹಿಡಿದು ಎಣಿಸುತ್ತಿದ್ದೆವು. ಮೇಲೆ ಬಂದಾಗ ಅವಳ ಮುಷ್ಟಿಯಲ್ಲಿ ತಳದ ಕೆಸರು ಇರುತ್ತಿತ್ತು. ತಳ ಮುಟ್ಟಿ ಬಂದದ್ದಕ್ಕೆ ಸಾಕ್ಷಿ ಅದು. ದೊಡ್ಡ ಹುಡುಗರಲ್ಲಿಯೂ ಕೆಸರು ತಂದವರು ಇಬ್ಬರೋ ಮೂವರೋ.

ಒಂದು ದಿನ ನಾನು ಡಬ್ಬಿ ಬಿಚ್ಚು ಎಂದು ಹಟ ಹಿಡಿದೆ. "ಇನ್ನೂ ಇಲ್ಲ. ಎಂಟ್ ದಿನ ತಡಿ" ಎಂದಳು ಅಕ್ಕ. ಓಣಿಯ ಹುಡುಗರೆಲ್ಲ ನಕ್ಕರು. ನಾನು ಅಳುತ್ತ ಮನೆಗೆ ಓಡಿದೆ. ಆಯಿ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಳು. "ಆಯಿ, ಅಕ್ಕ ಮ್ಯಾಲಿಂದ ಜಿಗೀತಾಳ. ಗಂಡಸರೆಲ್ಲಾ ನೋಡ್ತಾರ. ಪರಕಾರ ಎಲ್ಲಾ ಮೈಗೆ ಹತ್ತತದ" ಎಂದೆ. ಎಂಟು ವರ್ಷದವನಿಗೆ ಆ ಮಾತಿನ ಅರ್ಥ ಗೊತ್ತಿರಲಿಲ್ಲ. ಆದರೆ ಅದು ಪೆಟ್ಟು ಕೊಡುತ್ತದೆ ಎಂಬುದು ಗೊತ್ತಿತ್ತು, ಅದಕ್ಕೇ ಹೇಳಿದೆ.

ಮರುದಿನದಿಂದ ಅಕ್ಕ ಬಾವಿಗೆ ಬರಲಿಲ್ಲ. ಯಾರೂ ಅವಳನ್ನು ಹೊಡೆಯಲಿಲ್ಲ, ಬೈಯಲಿಲ್ಲ. "ದೊಡ್ಡಾಕಿ ಆದಿ, ಸಾಕು" ಎಂದಳು ಆಯಿ, ಅಷ್ಟೇ. ಉಳಿದ ರಜೆಯ ಉದ್ದಕ್ಕೂ ಅಕ್ಕ ಹೊಸ್ತಿಲ ಬಳಿ ನಿಂತು ನನ್ನ ಬೆನ್ನಿಗೆ ಡಬ್ಬಿ ಕಟ್ಟಿ, ಎರಡು ಸಲ ಜಗ್ಗಿ, ಮಾಮಾನ ಮಕ್ಕಳ ಜೊತೆ ನನ್ನನ್ನು ಕಳಿಸುತ್ತಿದ್ದಳು. ಎಂಟು ದಿನದ ನಂತರ, ತಾನು ಹೇಳಿದಂತೆಯೇ, ಡಬ್ಬಿ ಬಿಚ್ಚಿಟ್ಟಳು. ಹೇಳಿದವನು ನಾನು ಎಂಬುದು ಅವಳಿಗೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಆ ಬಾವಿಯಲ್ಲಿ ಈಜು ಕಲಿತ ನನಗೆ ಐವತ್ತು ವರ್ಷ ಅದರ ಬಗ್ಗೆ ಮಾತಾಡುವ ಧೈರ್ಯ ಬರಲಿಲ್ಲ. ಈಗ ತಿಳಿಯಿತಲ್ಲ, ಆ ದಿನ ರೊಟ್ಟಿಯನ್ನು ಯಾಕೆ ತಾಟಿನಲ್ಲೇ ಬಿಟ್ಟೆ ಎಂದು. ಹನ್ನೆರಡಕ್ಕೆ ಅವಳನ್ನು ನೀರಿನಿಂದ ಎಬ್ಬಿಸಿದ ಕಾರಣವೇ ಅರವತ್ತೆರಡಕ್ಕೆ ಮತ್ತೆ ಎದುರು ನಿಂತಿತ್ತು.

ನಾಲ್ಕು ದಿನದ ಹಿಂದೆ ಬೆಳಿಗ್ಗೆ ಸುಜಾತಾಳನ್ನು ಕಟ್ಟಿಕೊಂಡು ಕಾರಿನಲ್ಲಿ ಸಾಮಾನು ಹಾಕಿಕೊಂಡು ಅಕ್ಕಲಕೋಟೆಗೆ ಹೋದೆ. ಗುರುವಾರ ಬಿಟ್ಟು ಬೇರೆ ದಿನ ಹೋಗಬೇಕು, ಇಲ್ಲದಿದ್ದರೆ ಗುಡಿಯ ದರ್ಶನಕ್ಕೆ ಬರುವ ಗಾಡಿಗಳಲ್ಲಿ ಸಿಕ್ಕಿಬೀಳುತ್ತೇವೆ. "ಅಕ್ಕಾ, ಸೂಟು ಹಾಕ್ಕೊಂಡು ಬಾವ್ಯಾಗ ಇಳೀತೀನಿ. ಹಗ್ಗ ಹಿಡ್ಯಾಕ ಬಾ" ಎಂದೆ. ಹಗ್ಗ ಹಿಡಿಯಲು ಅವಳು ಇಲ್ಲ ಎನ್ನುವುದಿಲ್ಲ ಎಂದು ನನಗೆ ಗೊತ್ತಿತ್ತು. ಹೊಲದಲ್ಲಿ ಆ ಹೊತ್ತಿಗೆ ನಾವು ಮೂವರೇ. ಚಳಿಗಾಲದ ಬಾವಿಯ ನೀರಿನಿಂದ ತೆಳ್ಳಗೆ ಹಬೆ ಏಳುತ್ತಿತ್ತು.

ಇಳಿದೆ. ಇಳಿದವನು ಮುಳುಗಲೇ ಇಲ್ಲ. ಆ ರಬ್ಬರು ನೀರಲ್ಲಿ ತೇಲುತ್ತದೆ, ಮುಳುಗಲು ಸೊಂಟಕ್ಕೆ ಸೀಸದ ಪಟ್ಟಿ ಕಟ್ಟಬೇಕು, ನಾನು ಅದನ್ನು ದಂಡೆಯ ಮೇಲೇ ಬಿಟ್ಟಿದ್ದೆ. ಚಿಕ್ಕವನಿದ್ದಾಗ ತೇಲಲು ಡಬ್ಬಿ ಬೇಕಿತ್ತು, ಈಗ ಮುಳುಗಲು ಸೀಸ ಬೇಕು ಎಂದು ನಾನು ಅಂದುಕೊಳ್ಳುತ್ತಿರುವಾಗಲೇ ಸೂಟಿನೊಳಗೆ ನೀರು ತುಂಬಿತು. ಮೆಟ್ಟಿಲು ಹತ್ತಿ ಬರುವಾಗ ಎರಡೂ ಕಾಲುಗಳು ನೀರು ತುಂಬಿದ ಚೀಲಗಳಾಗಿದ್ದವು. ಪೃಷ್ಠದ ಕಡೆ ಇನ್ನೊಂದು ಚೀಲ. ಹೆಜ್ಜೆ ಇಟ್ಟಾಗೊಮ್ಮೆ ಅದು ಗುಳುಗುಳು ಎನ್ನುತ್ತಿತ್ತು. ಅಕ್ಕ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಸೆರಗು ಬಿಟ್ಟು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಅಪ್ಪನ ಮಗಾನ ಖರೆ ನೀ" ಎಂದಳು. "ಬೆಳಿಯೂ ಅಳತಿ ತಗೊಂಡೀ ಹೌದಲ್ಲೋ?"

ನಾನು ತಲೆ ತಗ್ಗಿಸಿದೆ. ಅಕ್ಕ ಎದ್ದು ಬಂದು ಸೂಟಿನ ತೋಳನ್ನು ಹಿಡಿದು ಜಗ್ಗಿ ನೋಡಿದಳು. ಅದು ನನ್ನ ಕೈಯಿಂದ ಒಂದು ಗೇಣು ದೂರ ಬಂತು. ಅವಳ ನಗು ನಿಂತಿತು. "ಇದು ನೈಟಿಗತ್ಲೆ ಢೀಲಾ ಐತಿ. ಮೈಗೇನೂ ಹತ್ತೂದಿಲ್ಲ" ಎಂದು ತನಗೆ ತಾನೇ ಹೇಳಿಕೊಂಡಳು. ಬಾವಿಯನ್ನು ನೋಡಿದಳು. ಹೊಲದ ಬದುವಿನ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ.

"ಬಿಚ್ಚಿಲ್ಲಿ ಕೊಡು" ಎಂದಳು. "ಒಂದ್ ಸಲ ನೋಡ್ತೀನಿ. ಸುಜಾ, ಬಾ ಇಲ್ಲೆ."

ಇಬ್ಬರೂ ಪಂಪಿನ ಖೋಲಿಯೊಳಗೆ ಹೋದರು. ಒಳಗಿನಿಂದ ಬಹಳ ಹೊತ್ತು ಏದುಸಿರು, ನಗು, "ಉಸುರ್ ಒಳಗ ಹಿಡೀರಿ ಅಕ್ಕಾರ" ಎಂಬ ಮಾತು ಕೇಳುತ್ತಿತ್ತು. ನಾನು ಒದ್ದೆ ಮೈಗೆ ಟಾವೆಲ್ ಸುತ್ತಿಕೊಂಡು ನಡುಗುತ್ತ ನಿಂತಿದ್ದೆ. ಕೊನೆಗೆ ಬಾಗಿಲು ತೆರೆಯಿತು. ಅಕ್ಕ ನನಗಿಂತ ಎತ್ತರ, ನನಗಿಂತ ಮೈಕೈ ತುಂಬಿದವಳು. ನನ್ನ ಮೈಮೇಲೆ ಚೀಲವಾಗಿದ್ದ ಸೂಟು ಅವಳಿಗೆ ಕುತ್ತಿಗೆಯಿಂದ ಹಿಮ್ಮಡಿಯ ತನಕ ಒಂದು ಸುಕ್ಕಿಲ್ಲದೆ ಕೂತಿತ್ತು.

"ನಿಮ್ಮ ಅಳತಿ ಕೊಟ್ಟು ಹೊಲಿಸಿಧಂಗ ಐತ್ರಿ ಅಕ್ಕಾರ" ಎಂದಳು ಸುಜಾತಾ.

ಅಕ್ಕ ತನ್ನ ಕಾಲು, ಕೈ ನೋಡಿಕೊಂಡಳು. ಸಡಿಲ ಇರುತ್ತದೆಂದು ಹಾಕಿಕೊಂಡದ್ದು ಮೈಗೆ ಅಂಟಿದೆ ಎಂದು ಅವಳಿಗೆ ಆಗಲೇ ಹೊಳೆದದ್ದು. ಸುಜಾತಾಳ ಕೈಯಲ್ಲಿದ್ದ ದೊಡ್ಡ ಟಾವೆಲನ್ನು, ನಮ್ಮ ಅಂಗಡಿಯದ್ದೇ, ಕಸಿದುಕೊಂಡು ಎದೆಯಿಂದ ಮೊಳಕಾಲ ತನಕ ಸುತ್ತಿಕೊಂಡಳು. ಹಾಗೆಯೇ ನಡೆದುಬಂದು ಮೇಲಿನ ಮೆಟ್ಟಿಲ ಮೇಲೆ ನಿಂತಳು. ಮುಂದೆ ಹೆಜ್ಜೆ ಇಡಲಿಲ್ಲ. ಹಿಂದಕ್ಕೂ ಹೋಗಲಿಲ್ಲ.

ಆಗ ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಆಯಿಗೆ ಹೇಳಿದಾಂವ ನಾನ. ಡಬ್ಬಿ ಬಿಚ್ಚಲಿಲ್ಲಂತ ಸಿಟ್ಟಿನ್ಯಾಗ ಹೇಳ್ದೆ. ನೀ ನೀರ್ ಬಿಟ್ಟಿದ್ದು ನನ್ನ ಸಲುವಾಗಿ" ಎಂದೆ. ನನ್ನ ದನಿ ಎಂಟು ವರ್ಷದವನ ದನಿಯ ಹಾಗೆ ಒಡೆಯಿತು. ಐವತ್ತೆಂಟರ ಗಂಡಸು, ಸೊಂಟಕ್ಕೆ ಟಾವೆಲ್ ಸುತ್ತಿಕೊಂಡು, ಹೆಂಡತಿಯ ಎದುರಿಗೆ ಅತ್ತೆ.

ಅಕ್ಕ ನೀರನ್ನೇ ನೋಡುತ್ತ, ಮಕ್ಕಳ ನೋಟುಬುಕ್ಕಿನಲ್ಲಿ ತಪ್ಪು ತಿದ್ದುವ ಬಾಯಿಯ ದನಿಯಲ್ಲಿ ಹೇಳಿದಳು:

"ಎಲ್ಲಾ ನಿನ್ನ ಮ್ಯಾಲ ಹಾಕ್ಕೋಬ್ಯಾಡ. ನೀ ಹೇಳ್ಲಿಲ್ಲಂದ್ರ ಮುಂದಿನ ವರ್ಷ ಆಯಿನ ನಿಲ್ಲಸ್ತಿದ್ಲು. ಎಲ್ಲಾ ಹುಡಿಗ್ಯಾರ್ನೂ ನಿಲ್ಲಿಸ್ಯಾರ. ನಿನ್ನಿಂದ ಹೋಗಿದ್ದು ಒಂದ ಬ್ಯಾಸಗಿ. ಉಳಿದಿದ್ದೇನೈತಿ, ಅದು ನಿನ್ನದಲ್ಲ." ನನ್ನ ಕಡೆ ತಿರುಗಿ, "ಆ ಒಂದ್ ಬ್ಯಾಸಗಿ ಮಾತ್ರ ನನಗ ಭಾಳ ಬೇಕಾಗಿತ್ತೋ ಬಾಳ್ಯಾ" ಎಂದಳು.

ಅಕ್ಕ ಎರಡೂ ಕೈಯನ್ನು ಅಗಲಿಸಿ ಹಿಡಿದಳು. "ಆ ಸೀಸದ ಪಟ್ಟಿ ತಾ. ಕಟ್ಟು" ಎಂದಳು.

ಟಾವೆಲನ್ನು ತೆಗೆದು ಅವಳೇ ಸುಜಾತಾಳ ಕೈಗೆ ಕೊಟ್ಟಳು. ನಾನು ಅವಳ ಸೊಂಟಕ್ಕೆ ಪಟ್ಟಿ ಕಟ್ಟಿದೆ, ಹಗ್ಗ ಕಟ್ಟಿದೆ. ಬಕಲು ಹಾಕಿ, ಎರಡು ಸಲ ಜಗ್ಗಿ ನೋಡಿದೆ. ಆ ಬಾವಿಯ ಮೆಟ್ಟಿಲ ಮೇಲೆ ಅಕ್ಕನ ಗಂಟನ್ನು ನಾನು ಜಗ್ಗಿ ನೋಡಿದ್ದು ಅದೇ ಮೊದಲು. "ಹೂಂ, ಹೋಗು" ಎಂದೆ.

ದಂಡೆಯ ಕಲ್ಲಿನಿಂದ ಜಿಗಿಯಲಿಲ್ಲ, ಅಷ್ಟು ಬುದ್ಧಿ ಅವಳಿಗೆ ಇದೆ. ಮೆಟ್ಟಿಲಿಳಿದು, ಸೊಂಟದ ತನಕ ನೀರಿಗೆ ಹೋಗಿ, ಮುಖಕ್ಕೆ ಮಾಸ್ಕು ಎಳೆದುಕೊಂಡು, ಉಸಿರು ತುಂಬಿಕೊಂಡು ತಲೆಕೆಳಗಾದಳು. ಎರಡು ಕಪ್ಪು ಪಾದಗಳು ಒಂದು ಕ್ಷಣ ಮೇಲೆ ಕಂಡು ಒಳಗೆ ಹೋದವು. ಹಗ್ಗ ನನ್ನ ಕೈಯಿಂದ ಜಾರುತ್ತ ಹೋಯಿತು. ನಾನು ಎಣಿಸತೊಡಗಿದೆ. ಪಕ್ಕದಲ್ಲಿ ಸುಜಾತಾಳೂ ಗಟ್ಟಿಯಾಗಿ ಎಣಿಸುತ್ತಿದ್ದಳು. ಇಪ್ಪತ್ತಕ್ಕೆ ನಾನು ಒಂದು ಮೆಟ್ಟಿಲು ಕೆಳಗಿಳಿದೆ. ಇಪ್ಪತ್ತೇಳಕ್ಕೆ ಹಗ್ಗ ಸಡಿಲಾಯಿತು. ಮೂವತ್ತೊಂದಕ್ಕೆ ಕುಂಚಿಗಿ ಹಾಕಿದ ತಲೆ ನೀರಿನಿಂದ ಮೇಲೆ ಬಂತು.

ಅಕ್ಕ ಮಾಸ್ಕನ್ನು ಹಣೆಗೆ ಏರಿಸಿ, ಉಸಿರೆಳೆದುಕೊಳ್ಳುತ್ತ ಮೆಟ್ಟಿಲ ತನಕ ಈಜಿಬಂದಳು. ಬಲಗೈ ಮುಷ್ಟಿ ಕಟ್ಟಿತ್ತು. ನನ್ನ ಅಂಗೈಯನ್ನು ಹಿಡಿದು ತೆರೆದು, ಅದರ ಮೇಲೆ ಮುಷ್ಟಿ ಬಿಚ್ಚಿದಳು. ತಣ್ಣಗಿನ ಕರಿ ಕೆಸರು.

"ನಿನ್ನ ಸೂಟು ಭಾಳ ಚಲೋ ಐತಿ" ಎಂದಳು. "ನೀ ಬ್ಯಾರೆದ್ದು ತಗೋ."